ಕೋಡಿಯ ಮೊದಲ ಆರತಿ

ಕೆಂಪು ನೀರು, ಮತ್ತೆ ಅದೇ ಕೆಂಪು ನೀರು — ಮಿಲಿಟರಿ ಲಾರಿಯೊಂದು ಗುಂಡಿಗೆ ಚಕ್ರ ಇಳಿಸಿ ಜಟಕಾದ ಮೇಲೆಲ್ಲ ಎರಚಿ ಹೋಯಿತು, ಪಿಳ್ಳಪ್ಪನ ಹೊಸ ಪೇಟದ ಮೇಲೂ ನಾಲ್ಕು ಹನಿ ಬಿತ್ತು, ಬೀಳಲಿ, ಈ ಪೇಟ ಯಾರಿಗೆ ಬೇಕಿತ್ತು, ನಿನ್ನೆ ಊರಿನವರು ಮಾರಮ್ಮನ ಗುಡಿ ಮುಂದೆ ನಿಲ್ಲಿಸಿ ಸುತ್ತಿದರು, ಮುನ್ನೂರು ಮನೆ ಉಳಿಸಿದ ಪುಣ್ಯಾತ್ಮ ಎಂದರು, ಪುಣ್ಯಾತ್ಮನಂತೆ, ಥೂ. ಏನ್ ಪಿಳ್ಳಪ್ಪಣ್ಣ, ಮೂರು ಸಲ ಕೇಳ್ದೆ ಬೀಡಿ ಬೇಕಾ ಅಂತ, ಜಟಕಾ ಹೊಡೆಯುವ ವಾಜಿದ್ ತಿರುಗಿ ನೋಡುತ್ತಿದ್ದಾನೆ. ಬೇಡ ಕಣಪ್ಪ. ಪಕ್ಕದಲ್ಲಿ ಪಟೇಲ ಮುನಿನಾರಾಯಣಪ್ಪ, ಮೊಣಕಾಲ ಸಂದಿಯಲ್ಲಿ ಕೊಡೆ, ಕೃಷ್ಣರಾಜಪುರ ದಾಟಿದಾಗಿನಿಂದ ಒಂದೇ ಪಾಠ, ಲೋ ಪಿಳ್ಳಪ್ಪ, ಕೆರೆ ಏರಿ ತಾನಾಗೇ ಒಡೀತು ಅಂತ ಹೇಳು, ಇನ್ನೊಂದು ಮಾತು ಆಡ್ಬೇಡ, ದಂಡಿನ ಸಾಹೇಬ್ರಿಗೆ ಅವರ ಮದ್ರಾಸ್ ರಸ್ತೆದೇ ಚಿಂತೆ, ನೀರು ನುಗ್ಗಿ ಲಾರಿಗಳು ಅರ್ಧ ದಿನ ನಿಂತವಂತೆ, ಯಾರು ಸತ್ರು ಅಂತ ಅವರು ಕೇಳೋದೇ ಇಲ್ಲ. ಐದು ಜನ ಪಟೇಲ್ರೇ. ಗೊತ್ತು ಕಣೋ, ಊರೆಲ್ಲ ಹೋಗೋ ಬದಲು ಐದು, ದೇವರು ದೊಡ್ಡೋನು. ದೊಡ್ಡವನೇ, ಯಾರು ಇಲ್ಲವೆಂದರು, ಆ ಮೊರ ಮಾತ್ರ ಮುಳುಗಲಿಲ್ಲ, ಅಷ್ಟು ನೀರಿನಲ್ಲಿ ಆ ಮೊರ ಯಾಕೆ ಮುಳುಗಲಿಲ್ಲ?

ತಿಳಿನೀರು ಒಸರಿದರೆ ಹೆದರಬೇಡ ಮಗಾ, ಕೆಂಪು ನೀರು ಒಸರಿದರೆ ಏರಿಯ ಹೊಟ್ಟೇನೇ ಕರಗ್ತಾ ಇದೆ ಅಂತ ತಿಳ್ಕೋ — ಅಪ್ಪ ಬಿಟ್ಟುಹೋದ ಆಸ್ತಿ ಇದೊಂದೇ, ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವುದು ಯಾರಿಗೂ ಬರುತ್ತದೆ, ಏರಿಯ ಬುಡದಲ್ಲಿ ಕೂತು ನೀರಿನ ಬಣ್ಣ ನೋಡಬಲ್ಲವನೇ ನೀರುಗಂಟಿ. ಮೂರು ವರ್ಷ ಒಣಗಿ ಬಾಯಿಬಿಟ್ಟಿದ್ದ ಕೆರೆ ಮೂರೇ ದಿನದ ಮಳೆಗೆ ತುಂಬಿತು, ಮೊನ್ನೆ ಬೆಳಿಗ್ಗೆ ಬಿಸಿಲೂ ಬಿತ್ತು, ಊರೆಲ್ಲ ನಗುತ್ತಿದೆ, ಇವನು ಬುಡಕ್ಕಿಳಿದು ನೋಡುತ್ತಾನೆ, ಕೆಂಪು, ಹೆಬ್ಬೆರಳಿನ ಗಾತ್ರ, ನೋಡನೋಡುತ್ತ ಮುಷ್ಟಿಯ ಗಾತ್ರ. ಏರಿ ನಡುವೆ ಒಡೆದರೆ ಕೆಳಗೆ ಮುನ್ನೂರು ಮನೆ, ತೊಟ್ಟಿಲಲ್ಲಿ ಮಲಗಿದ ಕೂಸುಗಳು, ಊರು ಎನ್ನುವುದೇ ಇರುವುದಿಲ್ಲ. ಕೋಡಿಯ ಪಕ್ಕದ ತಗ್ಗು ಏರಿಯನ್ನು ತಾವೇ ಕಡಿದರೆ ನೀರು ಅತ್ತಲ ಹಳ್ಳಕ್ಕೆ ಬೀಳುತ್ತದೆ, ಹಳ್ಳದ ಆಚೆ ದಡದಲ್ಲಿ ಇಟ್ಟಿಗೆ ಕೊಯ್ಯುವವರ ಹನ್ನೊಂದು ಗುಡಿಸಲು. ಹನ್ನೊಂದು ಹೆಚ್ಚೋ ಮುನ್ನೂರು ಹೆಚ್ಚೋ, ನೀನೇ ಹೇಳೋ, ಪಟೇಲ ಏದುಸಿರು ಬಿಡುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ — ಅಂದನೆ ಪಿಳ್ಳಪ್ಪ? ಎಲ್ಲಿ ಅಂದ, ಗುದ್ದಲಿ ಎತ್ತಿದ, ಮೊದಲ ಏಟು ನೀರುಗಂಟಿಯದೇ ಆಗಬೇಕು, ಹಾಕಿದ. ಹಾಗಂತ ಅವನೇನು ಕಟುಕನೆ? ಗುದ್ದಲಿ ಎತ್ತುವ ಮೊದಲೇ ತಮಟೆಯ ಮುನಿರಾಜಪ್ಪನನ್ನು ಓಡಿಸಿದ್ದ, ಹಳ್ಳ ದಾಟಿ ಹೋಗಿ ಹೇಳೋಕೆ ಹೊತ್ತಿಲ್ಲ ಕಣಯ್ಯ, ಕೋಡಿಬಂಡೆ ಮೇಲೆ ನಿಂತು ಬಡಿ, ಕೈ ಬಿದ್ದೋಗೋ ಹಾಗೆ ಬಡಿ, ಆ ಜನ ಎದ್ದು ಹಿಂದಿನ ದಿಣ್ಣೆ ಹತ್ತಲಿ, ಗುಡಿಸಲು ಹೋದ್ರೆ ಹೋಗ್ಲಿ, ಜೀವ ಉಳೀಲಿ.

ಟಕ್ ಟಕ್ ಟಕ್ಕಟಕ, ಕುದುರೆಯ ಗೊರಸು, ಇಲ್ಲ ತಮಟೆ, ನಿಲ್ಲಿಸಪ್ಪ ವಾಜಿದ್, ಈ ಕುದುರೆಯನ್ನು ನಿಲ್ಲಿಸು ಎನ್ನಬೇಕು, ಎನ್ನುವುದಿಲ್ಲ. ಹತ್ತನೆಯ ಏಟಿಗೆ ಗುದ್ದಲಿಯೇ ಕೊಚ್ಚಿಹೋಯಿತು, ತಲೆ ಎತ್ತಿ ನೋಡಿದರೆ ದಿಣ್ಣೆಯ ಮೇಲೆ ಒಂದು ನರಪಿಳ್ಳೆ ಇಲ್ಲ, ಅಯ್ಯೋ ಯಾಕೆ ಯಾರೂ ಇಲ್ಲ — ಹಳ್ಳದೊಳಗೆ, ಹಳ್ಳದ ಕಾಲುದಾರಿಯಲ್ಲಿ, ಸಾಲಾಗಿ ಆ ಗುಡಿಸಲುಗಳ ಐದು ಹೆಂಗಸರು, ತಲೆಗೆ ಎರೆದುಕೊಂಡು, ಹೂ ಮುಡಿದು, ಮುಂದೆ ಅಂಜಿನಮ್ಮ, ತಲೆಯ ಮೇಲೆ ಸಗಣಿ ಸಾರಿಸಿದ ಮೊರ, ಮೊರದಲ್ಲಿ ಐದು ತಂಬಿಟ್ಟಿನ ದೀಪ. ಹೋಗ್ರೇ, ಹಿಂದಕ್ಕೆ ಹೋಗ್ರೇ! ನೀರಿನ ಸದ್ದಿಗೆ ಅವನ ಕೂಗು ಅವನಿಗೇ ಕೇಳಲಿಲ್ಲ, ಹೆಗಲ ಟವೆಲು ತೆಗೆದು ಬೀಸಿದ, ಬೀಸಿಯೇ ಬೀಸಿದ, ಅಂಜಿನಮ್ಮ ನೋಡಿದಳು, ನಕ್ಕಳು, ಅಷ್ಟು ದೂರಕ್ಕೆ ನಗು ಕಾಣುತ್ತದೆಯೆ, ಕಂಡಿತು, ಒಂದು ಕೈಯಲ್ಲಿ ಮೊರ ಹಿಡಿದು ಇನ್ನೊಂದನ್ನು ಎತ್ತಿ ತಾನೂ ಬೀಸಿದಳು, ಬಂದ್ವಿ ಅಣ್ಣಾ ಬಂದ್ವಿ ಎನ್ನುವ ಹಾಗೆ, ಬೇಗ ಬೇಗ ಹೆಜ್ಜೆ ಹಾಕಿದಳು. ಆಮೇಲೆ ಕೆಂಪು. ಆಮೇಲೆ ಹೆಂಗಸರಿಲ್ಲ, ಕೆಂಪು ನೀರಿನ ಮೇಲೆ ಮೊರ ತಿರುಗುತ್ತ ತಿರುಗುತ್ತ ಬಂತು.

ನಿನ್ನೆ ಪೇಟ ಸುತ್ತಿಸಿಕೊಂಡ ಮೇಲೆ ಹಳ್ಳ ಇಳಿದಿತ್ತು, ದಾಟಿ ಹೋದ, ಯಾಕೆ ಹೋದನೋ, ಹೋಗಬಾರದಿತ್ತು, ಕೊಚ್ಚಿಹೋದ ಗುಡಿಸಲ ಜಾಗ ನೋಡಿ ಅತ್ತು ಬರೋಣ ಎಂದುಕೊಂಡಿದ್ದ. ಹನ್ನೊಂದೂ ನಿಂತಿದ್ದವು. ಎಣಿಸಿದ, ಮತ್ತೆ ಎಣಿಸಿದ, ಹನ್ನೊಂದೂ. ಅಂಜಿನಮ್ಮನ ಮಾವ ಮುನಿಶಾಮಿ, ಒಂದು ಕಾಲಿಲ್ಲದ ಮುದುಕ, ಬಾಗಿಲಲ್ಲಿ ಕೂತಿದ್ದ. ನೀರು ಹೊಸಲು ತನಕ ಬಂತು ಪಿಳ್ಳಪ್ಪ, ಒಳಕ್ಕೆ ಬರ್ಲಿಲ್ಲ, ಒಲೆ ಬೂದಿ ಕೂಡ ಒದ್ದೆ ಆಗ್ಲಿಲ್ಲ, ನಾನು ಕುಂಟ, ಪೂಜೆಗೆ ಹೋಗೋಕಾಗ್ಲಿಲ್ಲ, ಉಳ್ಕೊಂಡೆ, ಗಂಡಸ್ರು ಇಟ್ಟಿಗೆ ಗೂಡಿನ ಹತ್ರ ಇದ್ರು, ಉಳ್ಕೊಂಡ್ರು. ತಮಟೆ ಕೇಳಿದ್ದೇ ತಡ ನಮ್ಮ ಹುಡುಗಿ ಕುಣಿದಾಡ್ಬಿಟ್ಟಳು ಕಣಪ್ಪ. ಮುದುಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು, ಅಷ್ಟು ಹೇಳಿ ಮುಖ ನೋಡಿದ, ನೀನೇ ತಾನೇ ಬನ್ನಿ ಅಂದಿದ್ದು, ಅಂದ.

ಅಂದಿದ್ದ. ಅಯ್ಯೋ ದೇವರೇ, ಅಂದಿದ್ದ. ಮಳೆಯ ಎರಡನೆಯ ದಿನ ಅಂಜಿನಮ್ಮ ಗೋಣಿ ಹೊದ್ದು ಏರಿಗೆ ಬಂದಿದ್ದಳು, ಅಣ್ಣಾ, ನಾವು ಬಂದ ಮೇಲೆ ಈ ಕೆರೆ ಒಂದ್ಸಲಾನೂ ಕೋಡಿ ಬಿದ್ದಿಲ್ಲ, ಕಾಲಿಟ್ಟ ಗಳಿಗೆ ಸರಿಯಿಲ್ಲ ಅಂತಾರೆ ಊರೋರು, ಈ ಸಲ ಬಿದ್ರೆ ಗಂಗಮ್ಮನಿಗೆ ಆರತಿ ತರ್ತೀವಿ, ಊರೋರು ಬೇಡ ಅಂತಾರಾ? ಯಾರು ಬೇಡ ಅನ್ನೋರು, ನಾನಿದೀನಿ, ತಂಬಿಟ್ಟು ಮಾಡಿಟ್ಕೋ ತಾಯಿ, ಕೋಡಿ ಬಿದ್ದ ತಕ್ಷಣ ಕೋಡಿಬಂಡೆ ಮೇಲೆ ತಮಟೆ ಬಡಿಸ್ತೀನಿ, ಕೇಳಿದ ಗಳಿಗೆ ಬಂದ್ಬಿಡಿ, ಮೊದಲ ಆರತಿ ನಿಮ್ದೇ. ಎಷ್ಟು ದೊಡ್ಡ ಮನಸ್ಸು! ಮರೆತೇಹೋಗಿದ್ದ. ಎರಡೇ ದಿನದ ಹಿಂದಿನ ಮಾತು, ಗುದ್ದಲಿ ಎತ್ತುವ ಹೊತ್ತಿಗೆ ಮರೆತುಹೋಗಿತ್ತು. ಸುಮ್ಮನಿದ್ದಿದ್ದರೆ, ಕಟುಕನಾಗಿಯೇ ಇದ್ದಿದ್ದರೆ, ಒಂದು ಏಟೂ ಬಡಿಸದೆ ಕಡಿದಿದ್ದರೆ ಐವರೂ ಈಗ ರಾಗಿ ಬೀಸುತ್ತಿರುತ್ತಿದ್ದರು. ಕೊಂದದ್ದು ಗುದ್ದಲಿಯಲ್ಲ, ಅವನ ಕರುಣೆ. ಯಾರಿಗೆ ಹೇಳುವುದು ಇದನ್ನು, ಪಟೇಲನಿಗೆ ಹೇಳಿದರೆ ಏ ಬಿಡೋ ಎನ್ನುತ್ತಾನೆ.

ಹಲಸೂರು ಕೆರೆ. ತಣ್ಣಗೆ, ತುಂಬಿಕೊಂಡು, ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ, ನೋಡಬಾರದು, ಅವನು ಕಣ್ಣು ಮುಚ್ಚಿದ, ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಇಳಿಯೋ, ಬಂತು. ದಂಡಿನ ಕಚೇರಿ, ಮೆಟ್ಟಿಲು, ಸಾಹೇಬನ ಬೂಟು, ಪಕ್ಕದಲ್ಲಿ ಕನ್ನಡದ ಗುಮಾಸ್ತ, ಪಟೇಲ ಆಗಲೇ ಕೈಮುಗಿದು, ತಾನಾಗೇ ಒಡೀತು ಸ್ವಾಮಿ, ದೈವಸಂಕಲ್ಪ. ನೀರುಗಂಟಿ ನೀನಾ, ನೀನು ಹೇಳಪ್ಪ, ತಾನಾಗೇ ಒಡೀತಾ? ಇಲ್ಲ ಸ್ವಾಮಿ, ನಾನೇ ಒಡೆದೆ. ಪಟೇಲನ ಕೊಡೆ ನೆಲಕ್ಕೆ ಬಿತ್ತು. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ, ಅದಲ್ಲ ಸ್ವಾಮಿ, ಒಡೆದದ್ದಲ್ಲ, ಬನ್ನಿ ಅಂದೆ, ಮೊದಲ ಆರತಿ ನಿಮ್ದೇ ಅಂದೆ — ಯಾರಿಗಯ್ಯಾ? ಗುಮಾಸ್ತನ ಪೆನ್ನು ನಿಂತಿದೆ, ಸಾಹೇಬ ಏನೋ ಕೇಳುತ್ತಾನೆ, ಅದು ಬಿಡು, ರಸ್ತೆ ಮೇಲೆ ನೀರು ಎಷ್ಟು ಅಡಿ ಇತ್ತು ಅಂತ ಕೇಳ್ತಿದಾರೆ, ಎಷ್ಟು ಅಡಿ, ಗೊತ್ತಿಲ್ಲ ಸ್ವಾಮಿ, ಕೆಂಪಗಿತ್ತು, ಮೊರ ಬಂತು, ಮೊರ ತಿರುಗುತ್ತಿತ್ತು, ಮೊರದಲ್ಲಿ ಐದು ದೀಪ, ತಂಬಿಟ್ಟಿನವು, ಐದೂ ನೆಟ್ಟಗೆ ಕೂತಿದ್ದವು, ಒಂದೂ ಮಗುಚಿರಲಿಲ್ಲ, ಐದೂ, ಒಂದೂ ಮಗುಚಿರಲಿಲ್ಲ.