ಅವಳು ಬೇಡವೆಂದ ಎಂಜಿನ್

ದರ್ಜಿಗೆ ಹುಚ್ಚು ಹಿಡಿದರೆ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯಬಹುದು, ಅಷ್ಟೇ ತಾನೆ? ಈ ದರ್ಜಿ ಹಾಗಲ್ಲ. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಭಾಗಗಳನ್ನು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಜೋಡಿಸಿ, ಇಬ್ಬರು ಕೂರುವ ಪುಟ್ಟ ಸ್ಪೋರ್ಟ್ಸ್ ಕಾರು ಕಟ್ಟಿಬಿಟ್ಟಿದ್ದ. ಒಳಗಿನ ಹೊದಿಕೆ ಅವನೇ ಹೊಲಿದದ್ದು. ಮಿಕ್ಕಿದ್ದೆಲ್ಲ ಹೆಂಡತಿಯನ್ನು ಕೇಳಿ ಕೇಳಿ ಮಾಡಿದ್ದು. ಹೆಂಡತಿ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡಳೆಂದರೆ, ಒಳಗೆ ಯಾವುದು ಸವೆದಿದೆ ಎಂದು ಹೇಳಿಬಿಡುತ್ತಿದ್ದಳು. ಅವಳಿಗೆ ಎದುರಾಡಿದವರು ಆಮೇಲೆ ಎಂಜಿನ್ ಬಿಚ್ಚಿ ನೋಡಿ ಬಾಯಿ ಮುಚ್ಚಿಕೊಂಡಿದ್ದರು.

ಕಾರು ಕಟ್ಟುವಾಗ ಇದ್ದ ತಾಳ್ಮೆ ಓಡಿಸುವಾಗ ದರ್ಜಿಗೆ ಇರಲಿಲ್ಲ. ಹೋದ ಸಲ ಗುಡ್ಡದ ತಿರುವಿನಲ್ಲಿ ಹಿಂದಿನ ಚಕ್ರವೊಂದು ರಸ್ತೆಯ ಅಂಚು ದಾಟಿ ಗಾಳಿಯಲ್ಲಿ ತಿರುಗಿತ್ತು. ಪಕ್ಕದಲ್ಲಿದ್ದ ಅವಳ ಜೀವ ಬಾಯಿಗೆ ಬಂದಿತ್ತು, ಅವನು ನಗುತ್ತಿದ್ದ. ನಗುತ್ತಲೇ ಆಕ್ಸಿಲರೇಟರ್ ಇನ್ನೂ ಒತ್ತಿದ. ಸ್ವಲ್ಪ ದೂರದಲ್ಲಿ ಒಳಗೇನೋ ಮುರಿದು, ಎಂಜಿನ್ನಿನ ಹೊಟ್ಟೆ ಒಡೆದು, ಆಯಿಲ್ ರಸ್ತೆಗೆಲ್ಲ ಸುರಿಯಿತು. ಸದ್ಯ, ಸತ್ತದ್ದು ಎಂಜಿನ್, ನಾವಲ್ಲ ಎಂದುಕೊಂಡಳು ಅವಳು. ಆಮೇಲೆ ಬೈದು ನೋಡಿದಳು, ಅತ್ತು ನೋಡಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಬದಲಿ ಎಂಜಿನ್ ಹುಡುಕಿಕೊಂಡು ಇಬ್ಬರೂ ಗುಜರಿಗೆ ಹೋದರು. ಕಾರಿಗೆ ಹೊಂದುವಂಥವು ಎರಡಿದ್ದವು. ಮೊದಲನೆಯದು ಹಿಂಬದಿ ಜಜ್ಜಿಹೋದ ಹೊಸ ಕಾರಿನದು, ಹಗುರ, ಭಾರಿ ಚುರುಕು. ಗುಜರಿಯವನು ಬ್ಯಾಟರಿ ಕೊಟ್ಟು ಓಡಿಸಿದ. ಅವಳು ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡಳು. ಒಂದೇ ಒಂದು ಅಪಸ್ವರವಿಲ್ಲ. ಇಷ್ಟು ಆರೋಗ್ಯವಾದ ಎಂಜಿನ್ ಕೇಳಿ ಎಷ್ಟೋ ಕಾಲವಾಗಿತ್ತು. ಗಂಡ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವಳ ಕಣ್ಣ ಮುಂದೆ ಮಾತ್ರ ಗಾಳಿಯಲ್ಲಿ ತಿರುಗುವ ಚಕ್ರ.

“ಬೇಡ. ಕೆಳಗಿನ ಬೇರಿಂಗ್ ಹೋಗಿದೆ,” ಅಂದಳು.

“ಇನ್ನೊಂದ್ಸಲ ಕೇಳಿ ಅಕ್ಕ. ನನಗೇನೂ ಕೇಳಿಸ್ತಿಲ್ಲ,” ಅಂದ ಗುಜರಿಯವನು.

“ನಿನಗೆ ಕೇಳಿಸೋ ಹಾಗಿದ್ರೆ ನೀನ್ಯಾಕಪ್ಪ ಗುಜರಿ ಇಟ್ಕೊಂಡಿರ್ತಿದ್ದೆ?” ಎಂದ ದರ್ಜಿ. “ಅವಳು ಬೇಡ ಅಂದ್ರೆ ಬೇಡ.”

ಗುಜರಿಯವನೂ ನಂಬಿದ. ಕೆಟ್ಟ ಮಾಲು ಮಾರಿ ಹೆಸರು ಕೆಡಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ. ಸೀಮೆಸುಣ್ಣದಲ್ಲಿ ಗುಣಾಕಾರದ ಗುರುತು ಹಾಕಿ, ಅದನ್ನು ಕರಗಿಸುವ ರಾಶಿಗೆ ಎತ್ತಿಸಿದ. ಬದುಕಿದ್ದವರನ್ನು ಮಣ್ಣು ಮಾಡಿಸಿದಂತಾಗಿ ಅವಳು ಅತ್ತ ನೋಡಲಿಲ್ಲ. ಎರಡನೆಯದು ಸಾಮಾನು ಸಾಗಿಸುವ ಹಳೇ ವ್ಯಾನಿನದು. ಸಾಯುವುದಿಲ್ಲ, ಓಡುವುದೂ ಇಲ್ಲ. “ಇದು ಗಟ್ಟಿ,” ಅಂದಳು. ಅಷ್ಟು ಮಾತ್ರ ನಿಜ.

ಆ ಎಂಜಿನ್ ಕೂರಿಸಿಕೊಂಡು ಅವನು ಗೆಳೆಯರ ಜೊತೆ ಗುಡ್ಡಕ್ಕೆ ಹೋದ. ಅರ್ಧ ಏರಿನಲ್ಲಿ ತರಕಾರಿ ಮೂಟೆ ಹೇರಿಕೊಂಡ ಸ್ಕೂಟರೊಂದು ಹಾರ್ನ್ ಹೊಡೆದು ಮುಂದೆ ಹೋಯಿತಂತೆ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಊಟಕ್ಕೆ ಕೂತಾಗ ಅವನೇ ಹೇಳಿದ.

“ಎಂಜಿನ್ ಬಗ್ಗೆ ಮಾತ್ರ ಯಾರೂ ಮಾತಾಡಬೇಡಿ, ನನ್ನ ಹೆಂಡತಿ ಕೇಳಿ ಆರಿಸಿದ್ದು ಅಂದೆ. ಬಟ್ಟೆ ಚೆನ್ನಾಗೇ ಇದೆ ಕಣೇ. ಕತ್ತರಿಸಿದ್ದು ಸರಿಯಿಲ್ಲ. ಕಾರಿನ ಮೈ ಭಾರ ಮಾಡಿಬಿಟ್ಟಿದೀನಿ ನಾನು.”

ಅಂದಿನಿಂದ ಅವನು ಕಾರಿನ ಭಾರ ಇಳಿಸತೊಡಗಿದ. ಸ್ಟೆಪ್ನಿ ಚಕ್ರ ಹೋಯಿತು, ಮುಂದಿನ ಗಾಜು ಹೋಯಿತು. ತಾನು ಹೊಲಿದ ಹೊದಿಕೆಯನ್ನೇ ಬ್ಲೇಡಿನಿಂದ ಬಿಚ್ಚಿದ. ಅಷ್ಟು ಚೆಂದದ ಹೊಲಿಗೆ ಬಿಚ್ಚುವ ಆ ಕೈಗಳನ್ನು ನೋಡಲಾರದೆ, ಹೇಳಿಬಿಡಬೇಕು ಎಂದು ಅವಳು ಶೆಡ್ಡಿಗೆ ಹೋಗುತ್ತಿದ್ದಳು, ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ಮೆಲ್ಲಗೆ ಹೋದರೇನಂತೆ, ಜೀವ ಇರುತ್ತಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕಳ್ಳನ ಮನಸ್ಸಿಗೆ ನೆಪಗಳ ಬರವೇ?

ಒಂದು ಸಂಜೆ ಗ್ಯಾರೇಜಿನಿಂದ ಕೆಲಸ ಮುಗಿಸಿ ಬರುವಾಗ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು ಕೇಳಿಸಿ ಒಳಗೆ ಹೋದಳು. ಕಾರು ಮಗುಚಿದರೆ ತಲೆ ಉಳಿಯಲೆಂದು ಸೀಟಿನ ಹಿಂದೆ ನಿಲ್ಲಿಸಿದ್ದ ಉಕ್ಕಿನ ಕಮಾನಿನ ಒಂದು ಕಾಲನ್ನು ಆಗಲೇ ಕೊಯ್ದಾಗಿತ್ತು. ಅವಳು ಕೂರುತ್ತಿದ್ದ ಸೀಟು ಕಳಚಿಕೊಂಡು ಗೋಡೆಗೆ ಒರಗಿತ್ತು.

“ಬೇಜಾರು ಮಾಡ್ಕೋಬೇಡ,” ಅಂದ. “ನಿನ್ನ ಸೀಟು, ಈ ಕಮಾನು, ಎರಡೂ ಹೋದ್ರೆ ಗುಡ್ಡ ಹತ್ತುತ್ತೆ.”

“ರೀ, ನಿಲ್ಸಿ. ಆ ಮೊದಲನೇ ಎಂಜಿನ್ ಚೆನ್ನಾಗಿತ್ತು. ಬೇರಿಂಗ್ ಹೋಗಿದೆ ಅಂತ ನಾನೇ ಸುಳ್ಳು ಹೇಳ್ದೆ. ಅದು ಸಿಕ್ಕಿದ್ರೆ ಎಲ್ಲಾದ್ರೂ ಬಿದ್ದು ಸಾಯ್ತೀರಾ ಅಂತ ಹೆದರಿಕೆ ಆಯ್ತು.”

ಅವನು ಅವಳನ್ನೇ ನೋಡಿದ. ಅವನ ಕಣ್ಣು ತುಂಬಿ ಬಂದಿತ್ತು.

“ನನ್ನ ಸಮಾಧಾನಕ್ಕೆ ನಿನ್ನ ಮೇಲೇ ಅಪವಾದ ಹಾಕ್ಕೋತೀಯಾ? ಬೇಡ ಕಣೇ. ತಪ್ಪು ನನ್ನದು. ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನನಗೆ ಗೊತ್ತಿಲ್ವಾ?”

“ನಿಜ ಹೇಳ್ತಿದೀನಿ. ದೇವರಾಣೆಗೂ ನಿಜ.”

“ಆಯ್ತು, ಆಯ್ತು,” ಎಂದು ಅವಳ ತಲೆ ಸವರಿ, ಕಮಾನಿನ ಎರಡನೇ ಕಾಲಿಗೆ ಗರಗಸ ಇಟ್ಟ. ಅವಳು ಓಡಿಹೋಗಿ ಗರಗಸದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು. ಸಹಾಯಕ್ಕೆ ಬಂದಳೆಂದುಕೊಂಡು ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.