ಸರಪಳಿಗೊಂದು ಬೇವು

ಒಂದು ಬೇವಿನ ಗಿಡಕ್ಕೂ ಇನ್ನೊಂದು ಬೇವಿನ ಗಿಡಕ್ಕೂ ನಡುವೆ ಎಷ್ಟು ಅಡಿ ಬಿಡಬೇಕು ಎಂಬ ಮಹತ್ವದ ಪ್ರಶ್ನೆ ರಾವೂರ ಸೀಮೆಯಲ್ಲಿ ಮೊದಲ ಬಾರಿಗೆ ವಿಧಿವತ್ತಾಗಿ ಚರ್ಚೆಗೆ ಬಂದದ್ದು ಐದು ವರ್ಷದ ಹಿಂದಿನ ಮೇ ತಿಂಗಳಲ್ಲಿ. ಚರ್ಚೆ ಮೂರು ದಿನ ನಡೆಯಿತು. ಭಾಗವಹಿಸಿದವರು ಶಂಕರಲಿಂಗ ಮತ್ತು ಅವರ ಹೆಂಡತಿ ದಾನಮ್ಮ, ಇಬ್ಬರೇ. ನಿರ್ಣಯ ಮಾತ್ರ ಒಬ್ಬರದು.

ಶಂಕರಲಿಂಗ ಮೂವತ್ತೊಂದು ವರ್ಷ ಭೂಮಾಪಕರಾಗಿದ್ದು ನಿವೃತ್ತರಾದವರು. ಊರವರ ಹೊಲದ ಗಡಿಗಳನ್ನೆಲ್ಲ ಅಳೆದು ಮುಗಿಸಿ, ಕೊನೆಗೆ ತಮ್ಮ ಹೊಲದಲ್ಲೇ ಮನೆ ಕಟ್ಟಿಸಿಕೊಂಡಿದ್ದರು. ಡಾಂಬರು ರಸ್ತೆಯಿಂದ ಮನೆಯ ಬಾಗಿಲಿಗೆ ಮೂವತ್ತಮೂರು ಅಡಿಯ ಅಳತೆ ಸರಪಳಿಯಲ್ಲಿ ಬರಾಬರಿ ಇಪ್ಪತ್ತು ಸರಪಳಿ, ಅಂದರೆ ಒಂದು ಫರ್ಲಾಂಗ್ ದಾರಿ. ಈ ಲೆಕ್ಕ ತನ್ನಷ್ಟಕ್ಕೆ ತಾನೇ ಕೂಡಿ ಬಂದದ್ದೆಂದು ಅವರು ಹೇಳುತ್ತಿದ್ದರು. ಪಾಯ ತೋಡುವಾಗ ಮನೆಯನ್ನು ಹದಿನಾಲ್ಕು ಅಡಿ ಹಿಂದಕ್ಕೆ ಸರಿಸಿದ್ದನ್ನು ದಾನಮ್ಮ ನೋಡಿದ್ದಳು.

ದಾನಮ್ಮ ಊರಿನ ಅಂಗನವಾಡಿಯ ಟೀಚರು. ಬೇಸಿಗೆಯಲ್ಲಿ ಅಂಗನವಾಡಿಯನ್ನು ಬೇಗ ಬಿಡುತ್ತಾರೆ, ಅಂದರೆ ಬಿಸಿಲು ನೆತ್ತಿಯ ಮೇಲೆ ಸರಿಯಾಗಿ ಬಂದು ನಿಂತ ಹೊತ್ತಿಗೆ. ಬಸ್ಸಿಳಿದು ಆ ಒಂದು ಫರ್ಲಾಂಗ್ ಅವಳು ನಡೆಯಬೇಕು. ಸುತ್ತೆಲ್ಲ ಕೊಯ್ದು ಮುಗಿದ ತೊಗರಿ ಹೊಲ, ಕಾಲಡಿ ಒಂದು ಗೇಣು ಮಣ್ಣು, ಅದರ ಕೆಳಗೆ ಮನೆಯ ನೆಲಕ್ಕೆ ಹಾಸುವ ಫರ್ಸಿ ಕಲ್ಲು. ಕೊಡೆ ಮೇಲಿನ ಬಿಸಿಲಿಗೆ ಆಗುತ್ತದೆ, ಕೆಳಗಿನದಕ್ಕೆ ಆಗುವುದಿಲ್ಲ. ಆ ಮೇ ತಿಂಗಳಲ್ಲಿ ಒಂದು ದಿನ ಕಣ್ಣಿಗೆ ಕತ್ತಲೆ ಬಂದು ಅವಳು ಅರ್ಧ ದಾರಿಯಲ್ಲೇ ಕುಳಿತುಬಿಟ್ಟಳು, ಹಾಜರಿ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು, ಹದಿನೈದು ನಿಮಿಷ.

ಸಂಜೆ ಗಂಡನ ಮುಂದೆ ಚಹಾ ಇಡುತ್ತ ಹೇಳಿದಳು: "ಈ ದಾರಿಗಿ ಗಿಡ ಹಚ್ಚಬೇಕು ನೋಡ್ರಿ. ಒತ್ತೊತ್ತಿಗಿ ಹಚ್ಚಬೇಕು. ನನ್ನ ನೌಕರಿ ಇನ್ನ ಆರ್ ವರ್ಷ ಅದ. ಅದರೊಳಗ ನೆರಳು ಬರಬೇಕು."

ಶಂಕರಲಿಂಗ ಗಿಡಕ್ಕೆ ತಕ್ಷಣ ಒಪ್ಪಿದರು, ಒತ್ತೊತ್ತಿಗೆ ಒಪ್ಪಲಿಲ್ಲ. "ಸರಪಳಿಗೊಂದು. ಮೂವತ್ಮೂರು ಫೂಟ. ಬೇವು ದೊಡ್ಡದಾದ್ರ ಟೊಂಗಿಗೆ ಟೊಂಗಿ ಜಗಳಾಡ್ತಾವ."

"ಆಡ್ಲಿ ಬಿಡ್ರಿ. ನೀವೇನ ನ್ಯಾಯ ಹೇಳಾಕ ಹೋಗ್ತೀರಿ?"

"ನಲವತ್ ವರ್ಷ ಆದ ಮ್ಯಾಲ ನೋಡು, ಹ್ಯಾಂಗ ಕಾಣ್ತದ."

"ನಲವತ್ ವರ್ಷ ಆದ ಮ್ಯಾಲ ನನ್ನ ಫೋಟೋಕ್ಕ ತೋರಸ್ರಿ."

ಮೂರನೆಯ ದಿನ ಶಂಕರಲಿಂಗ ಟೇಪು, ಹುರಿ, ಗೂಟಗಳನ್ನು ಹಿಡಿದು ಹೊರಟರು. ದಾರಿಯ ಎರಡೂ ಬದಿಗೆ ಇಪ್ಪತ್ತೊಂದು, ಇಪ್ಪತ್ತೊಂದು. ನಲವತ್ತೆರಡು ಗೂಟಗಳು. ಮನೆಯ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಒಂದು ಸಾಲಿಗೆ ಒಂದೇ ಗೂಟ ಕಾಣುತ್ತಿತ್ತು.

ತಗ್ಗು ತೋಡಲು ಮಶಾಕನನ್ನು ಕರೆಸಿದರು. ಮಶಾಕ ಇಪ್ಪತ್ತು ವರ್ಷ ಫರ್ಸಿ ಖಣಿಯಲ್ಲಿ ದುಡಿದವನು. ಅವನು ಕೊಯ್ದ ಕಲ್ಲಿನ ಅಂಚಿಗೆ ಮೂಲೆಮಟ್ಟ ಹಿಡಿಯಬೇಕಾಗಿಲ್ಲ ಎಂಬ ಹೆಸರಿತ್ತು. ಮೊದಲ ಗೂಟದ ಬಳಿಯೇ ಅವನು ಹಾರೆಯನ್ನು ಎರಡು ಸಲ ಕುಟ್ಟಿ ನಿಂತುಬಿಟ್ಟ.

"ಸಾಹೇಬ್ರ, ಇಲ್ಲಿ ಕೆಳಗ ಅಖಂಡ ಕಲ್ಲ ಅದ. ಜರಾ ಆ ಕಡಿ ನಾಕ್ ಫೂಟಿಗಿ ಸಂದ ಅದ. ಅಲ್ಲಿ ತೋಡ್ಲೇನ್ರಿ?"

"ಗೂಟ ಎಲ್ಲದ?"

"ಇಲ್ಲೇ ಅದ್ರಿ."

"ಮತ್ತ?"

ಮಶಾಕ ಮತ್ತೆ ಕೇಳಲಿಲ್ಲ. ಮಶೀನು ತಂದು ಒಂದೊಂದು ತಗ್ಗನ್ನೂ ಮೂರು ಅಡಿ ಚೌಕಕ್ಕೆ, ಮೂರು ಅಡಿ ಆಳಕ್ಕೆ ಕೊಯ್ದ. ಕೆಲಸ ಒಲ್ಲದ ಮನಸ್ಸಿನಿಂದ ಶುರುವಾಗಿದ್ದರೂ, ಮುಗಿಯುವ ಹೊತ್ತಿಗೆ ಅವನಿಗೂ ಅಭಿಮಾನ ಬಂದುಬಿಟ್ಟಿತ್ತು. ತಗ್ಗುಗಳನ್ನು ನೋಡಲೆಂದೇ ಜನ ಬಂದರು. ಪಕ್ಕದ ಹೊಲದ ಅಂಬರಾಯ ಒಂದರೊಳಗೆ ಇಳಿದು, ಗೋಡೆ ಸವರಿ ಹೇಳಿದ: "ನಮ್ಮ ನಡುಮನಿ ಫರ್ಸಿನೂ ಇಷ್ಟ ಸಾಫ ಇಲ್ಲ. ಗಿಡ ಬ್ಯಾಡಾದ್ರ ಹೇಳ್ರಿ, ನಾನೇ ಬಂದು ಇರ್ತೀನಿ."

ಮೃಗಶಿರ ಮಳೆಗೆ ಸಸಿ ಇಟ್ಟರು. ಗೊಬ್ಬರ ಹಾಕಿದರು, ಹೊಲದ ಕಪ್ಪು ಮಣ್ಣು ತುಂಬಿದರು, ಮೇಕೆಗಳಿಗೆ ಅಡ್ಡವಾಗಿ ಮುಳ್ಳು ಕಟ್ಟಿದರು. ಸಸಿಗಳು ಜುಲೈ ತನಕ ಚೆನ್ನಾಗಿದ್ದವು. ಆಗ ಒಂಬತ್ತು ದಿನ ಬಿಡದೆ ಮಳೆ ಹಿಡಿಯಿತು. ಮಳೆ ಬಿಟ್ಟು ಬಿಸಿಲು ಬಿದ್ದ ನಾಲ್ಕನೆಯ ದಿನ ಎಲೆಗಳು ಹಳದಿಯಾಗಿ ಜೋತುಬಿದ್ದವು.

ಈ ಕಡೆಯ ಜನ ಗಿಡ ಸಾಯುವುದನ್ನು ಒಂದೇ ಕಾರಣಕ್ಕೆ ನೋಡಿದ್ದಾರೆ. ಎಲೆ ಬಾಡಿದರೆ ನೀರು ಸಾಲದು, ಅದಕ್ಕೆ ಎರಡನೆಯ ಮಾತಿಲ್ಲ. ಗಂಡ ಹೆಂಡತಿ ಅಂದಿನಿಂದಲೇ ನೀರು ಹೊರಲು ಶುರುಮಾಡಿದರು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ದಾನಮ್ಮ ಎಡಗಡೆಯ ಸಾಲಿಗೆ, ಸಂಜೆ ಶಂಕರಲಿಂಗ ಬಲಗಡೆಯ ಸಾಲಿಗೆ, ಗಿಡಕ್ಕೆರಡು ಕೊಡ. ಎಲೆ ಇನ್ನಷ್ಟು ಹಳದಿಯಾಯಿತು. ಎರಡು ಕೊಡ ಮೂರಾಯಿತು. ಅಂಬರಾಯನೂ ದಾರಿಯಲ್ಲಿ ಹೋಗುವಾಗ ತನ್ನ ಪಾಲಿನದೊಂದು ಕೊಡ ಸುರಿದು ಪುಣ್ಯ ಕಟ್ಟಿಕೊಂಡ.

ಹನ್ನೆರಡು ದಿನದ ಮೇಲೆ ಮಶಾಕ ಬಂದ. ಬಂದದ್ದು ತನ್ನ ತಗ್ಗುಗಳನ್ನು ಮಗನ ಮಾವನಿಗೆ ತೋರಿಸಲು. ಒಂದು ಸಸಿಯ ಬುಡಕ್ಕೆ ಕೋಲು ಚುಚ್ಚಿ ಹೊರಗೆ ಎಳೆದ. ಕೋಲು ಮೊಳದುದ್ದ ತೊಯ್ದಿತ್ತು, ಕೊಳೆತ ವಾಸನೆ ಬಂತು. ಅವನು ಕೋಲನ್ನು ನೋಡಿದ, ತಗ್ಗಿನ ಅಂಚು ನೋಡಿದ, ಮುಖ ಸಪ್ಪಗಾಯಿತು.

"ಸಾಹೇಬ್ರ, ಗಿಡ ಮುಳಗ್ಯಾವ್ರಿ. ಇದು ತಗ್ಗಲ್ಲ, ತೊಟ್ಟಿ ಆಗ್ಯದ. ಹನಿ ನೀರ ಹೋಗಲಾಕ ಎಲ್ಲೂ ಜಾಗಾ ಇಲ್ಲ. ನಾನೇ ಬಿಟ್ಟಿಲ್ಲ."

ಶಂಕರಲಿಂಗ ಅವನ ಕೈಯಿಂದ ಕೋಲು ತೆಗೆದುಕೊಂಡರು. ಎರಡೂ ಸಾಲು ನಡೆದು ಎಣಿಸಿ ಬಂದರು. ನಾಲ್ಕು ಸಸಿ ಹಸಿರಿದ್ದವು. ಆ ನಾಲ್ಕು ಗೂಟ ತಾವಾಗಿ ಸಂದಿನ ಮೇಲೆ ಬಿದ್ದಿದ್ದವು. ಅಳತೆಗಾರನ ಪುಣ್ಯ ಅದರಲ್ಲಿ ಏನೂ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅವರು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡರು. "ನಿಂದೊಂದ್ ವರ್ಷ ಕೆಡಸಿದೆ."

ದಾನಮ್ಮ ಪಲ್ಯ ಬಡಿಸಿದಳು. ಅಲ್ಲಗಳೆಯಲಿಲ್ಲ. "ಇನ್ನ ಐದ್ ವರ್ಷ ಉಳದಾವ. ಉಣ್ರಿ."

ಮರುವರ್ಷ ಮೇ ತಿಂಗಳಲ್ಲಿ ಮಶಾಕನನ್ನು ಕರೆಸಿದವಳು ದಾನಮ್ಮ. "ಗೂಟ ಬ್ಯಾಡ, ಹುರಿ ಬ್ಯಾಡ. ಸಂದ ಎಲ್ಲೆಲ್ಲಿ ಅದ ಅಷ್ಟ ತೋರಸು."

ಮಶಾಕ ಹಾರೆ ಹಿಡಿದು ದಾರಿಯ ಬದಿಗೆ ಹೆಜ್ಜೆಗೊಂದು ಪೆಟ್ಟು ಹಾಕುತ್ತ ನಡೆದ. ಅಖಂಡ ಕಲ್ಲು ಗಂಟೆಯಂತೆ ಟಣ್ಣೆನ್ನುತ್ತದೆ, ಸಂದಿದ್ದಲ್ಲಿ ಸದ್ದು ಸತ್ತಿರುತ್ತದೆ. ಸದ್ದು ಸತ್ತಲ್ಲೆಲ್ಲ ದಾನಮ್ಮ ಒಂದು ಹಿಡಿ ಸುಣ್ಣ ಹಾಕಿದಳು. ಒಂದು ಕಡೆ ಎಂಟು ಅಡಿಗೆ ಎರಡು, ಒಂದು ಕಡೆ ಐವತ್ತು ಅಡಿಗೆ ಒಂದೂ ಇಲ್ಲ. ಒಂದು ಗುರುತು ದಾರಿಗೆ ಅಂಟಿಕೊಂಡಿತ್ತು, ಇನ್ನೊಂದು ಹೊಲದೊಳಗೆ ಹೋಗಿ ನಿಂತಿತ್ತು.

ಶಂಕರಲಿಂಗ ಸ್ವಲ್ಪ ದೂರದಿಂದ ಹಿಂಬಾಲಿಸುತ್ತಿದ್ದರು. ಅರ್ಧ ದಾರಿ ಬಂದ ಮೇಲೆ ತಡೆದುಕೊಳ್ಳಲಾಗಲಿಲ್ಲ. "ಇದೇನು, ಕುರಿ ಹಿಕ್ಕಿ ಹಾಕಿದಂಗ ಆತು."

"ಆ ಕುರಿಗಿ ತಿಳದಷ್ಟು ನಿಮ್ಮ ಸರಪಳಿಗಿ ತಿಳೀಲಿಲ್ಲ" ಅಂದಳು ದಾನಮ್ಮ, ಸುಣ್ಣದ ಬುಟ್ಟಿಯನ್ನು ಅವರ ಕೈಗೆ ಕೊಡುತ್ತ.

ಅವರು ಬುಟ್ಟಿ ಹಿಡಿದುಕೊಂಡರು. ಇನ್ನೊಂದು ಬದಿಗೆ ಮಶಾಕ ಹಾರೆ ಕುಟ್ಟಿದ ಕಡೆಗೆಲ್ಲ ತಾವೇ ಬಗ್ಗಿ ಕಿವಿಯಿಟ್ಟು ಕೇಳಿದರು. ಮೊದಲು ಅವರಿಗೆ ಎರಡು ಸದ್ದೂ ಒಂದೇ ಎನಿಸಿತು. ಹತ್ತಿಪ್ಪತ್ತು ಪೆಟ್ಟು ಕಳೆದ ಮೇಲೆ ಬೇರೆ ಬೇರೆ ಕೇಳತೊಡಗಿತು. ಮೂವತ್ತೊಂದು ವರ್ಷ ಈ ನೆಲದ ಮೇಲೆ ಅವರು ಗೆರೆ ಎಳೆದಿದ್ದರು. ಅದಕ್ಕೆ ತನ್ನವೇ ಗೆರೆಗಳು ಒಳಗಿವೆ ಎಂಬುದನ್ನು ಯಾವ ನಕಾಶೆಯೂ ಅವರಿಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕೊನೆಯ ಎರಡು ಸಂದುಗಳನ್ನು ಮಶಾಕನಿಗಿಂತ ಮೊದಲು ಅವರೇ ಹೇಳಿದರು. ಒಂದು ಸರಿಯಿತ್ತು.

ಒಟ್ಟು ಮೂವತ್ತೊಂಬತ್ತು ಗುರುತುಗಳಾದವು. ಆ ಜೂನಿನಲ್ಲಿ ಅಷ್ಟು ಸಸಿ ಇಟ್ಟರು. ಹಳೆಯ ಮೂವತ್ತೆಂಟು ತಗ್ಗುಗಳನ್ನು ಕಲ್ಲು ತುಂಬಿ ಮುಚ್ಚಿಸಿದರು. ಮುಚ್ಚುವ ದಿನ ಮಶಾಕ ರಜೆ ಹಾಕಿದ.

ಈಗ ನಾಲ್ಕು ಬೇಸಿಗೆ ಕಳೆದಿವೆ. ಹಳೆಯ ನಾಲ್ಕು ಸೇರಿ ಮೂವತ್ತಾರು ಗಿಡ ಬದುಕಿವೆ. ಮಧ್ಯಾಹ್ನ ಹನ್ನೆರಡೂವರೆಗೆ ದಾರಿಯ ಅರ್ಧಕ್ಕಿಂತ ತುಸು ಕಡಿಮೆ ಭಾಗದಲ್ಲಿ ನೆರಳು ಇರುತ್ತದೆ, ಉಳಿದುದರಲ್ಲಿ ಬಿಸಿಲು. ದಾನಮ್ಮನ ನೌಕರಿ ಇನ್ನೊಂದು ವರ್ಷ ಇದೆ.