ಗಾಡಿಯ ಮೇಲಿನ ಹೆಸರುಗಳು

“ಕಂಪನಿಯವರು ತಿನ್ನಿಸಿದ ವಿಷ ಸಾಲಲಿಲ್ಲ ಅಂತ, ಇನ್ನೊಂದು ವಿಷ ಕುಡಿದು ಬರೋಕೆ ಇವರಿಗೆ ಕೌಂಟಿ ಗಾಡಿ ಬೇಕಂತೆ! ದಾರೀಲಿ ತಿಂಡಿ ಗಿಂಡಿ ಏನಾದ್ರೂ ಬೇಕಾ, ಸಾಹೇಬರಿಗೆ?”

ಕೌಂಟಿ ಕಮಿಷನರ್ ಹೋಬರ್ಟ್ ಲಿಲ್ಲಿ ಹೀಗೆಂದಾಗ ಕೋರ್ಟು ಕಟ್ಟಡದ ಸಭಾಂಗಣದಲ್ಲಿ ನಗು ಎದ್ದಿತು. ಜೋರು ನಗುವಲ್ಲ. ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಯಾರಾದರೂ ತೇಗಿದರೆ ಬರುತ್ತದಲ್ಲ, ಅಂಥ ಮೂಗಿನೊಳಗಿನ ನಗು. ಮೈಕಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಕೋಯ್ ಬ್ಲೆವಿನ್ಸ್‌ಗೆ ಕಿವಿಯ ತುದಿ ಕಾದ ತಗಡಿನಂತಾಯಿತು. ಮನೆಗಳ ಛಾವಣಿ ಹೊದಿಸುವ ಕೆಲಸದಿಂದ ನೇರ ಬಂದಿದ್ದ. ಉಗುರಲ್ಲಿ ಡಾಂಬರು ಹಾಗೇ ಇತ್ತು.

“ಅದು ವಿಷ ಅಲ್ಲ ಸ್ವಾಮಿ. ಔಷಧ,” ಅಂದ.

“ಯಾರಿಗಯ್ಯಾ ಬೇಕು ಆ ಔಷಧ? ಬಹಳ ಜನ ಅಂತೀಯ. ಹೆಸರು ಹೇಳು. ಒಂದೇ ಒಂದು ಹೆಸರು ಹೇಳು, ಬರ್ಕೋತೀನಿ.”

ಕೋಯ್‌ನ ನಾಲಗೆಯ ಮೇಲಿದ್ದದ್ದು ಒಂದೇ ಹೆಸರು, ಅವನ ಅಕ್ಕ ಡ್ರೀಮಾಳದು. ಅದನ್ನು ಇಲ್ಲಿ ಆಡಿದರೆ ನಾಳೆಯೊಳಗೆ ಅವಳ ಕೆಲಸ ಹೋಗುತ್ತಿತ್ತು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದೇ ಅಲ್ಲಿಯವರಿಗೆ ಅವಳ ಹಳೆಯ ಚಟದ ಕಥೆ ತಿಳಿಯದ್ದರಿಂದ.

“ನೋಡಿದ್ರಾ?” ಎಂದ ಹೋಬರ್ಟ್, ಜನರ ಕಡೆ ತಿರುಗಿ. “ಮುಂದಿನವರು ಬನ್ನಿ.”

ಸಭೆ ಸೇರಿದ್ದು, ನೋವಿನ ಮಾತ್ರೆಯ ಚಟ ಹಿಡಿಸಿದ ಕಂಪನಿಗಳು ದಾವೆಯಲ್ಲಿ ರಾಜಿಯಾಗಿ ಕಟ್ಟಿದ ಹಣದ ಬಗ್ಗೆ. ಯಾವ ಕೌಂಟಿಯಲ್ಲಿ ಎಷ್ಟು ಹೆಣ ಬಿದ್ದವು ಎಂದು ನೋಡಿ, ದೂರದ ಊರಲ್ಲಿ ಕೂತವರು ಪಾಲು ಹಾಕಿ ಕಳಿಸಿದ್ದರು. ಟ್ಯಾಕೆಟ್ ಕೌಂಟಿಯ ಪಾಲು ಚಿಕ್ಕದೇನಲ್ಲ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಮೂವರು ಕಮಿಷನರುಗಳು ಜನರನ್ನು ಕೇಳುತ್ತಿದ್ದರು, ಅಂದರೆ ಕೇಳಿದಂತೆ ಮಾಡುತ್ತಿದ್ದರು. ಕೋಯ್ ಕೇಳಿದ್ದು ಚಟ ಬಿಡುವವರನ್ನು ದಿನಾ ಔಷಧಕ್ಕೆ ಕರೆದೊಯ್ಯುವ ಒಂದು ವ್ಯಾನು. ಶೆರಿಫ್‌ಗೆ ಹೊಸ ಕಾರುಗಳು ಬೇಕಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರಿಗೆ ಕೋರ್ಟಿನ ಹುಲ್ಲುಹಾಸಿನ ಮೇಲೆ ಸತ್ತ ಮಕ್ಕಳ ಹೆಸರು ಕೆತ್ತಿದ ಒಂದು ಕಪ್ಪು ಕಲ್ಲು ಬೇಕಿತ್ತು. ಮಕ್ಕಳ ಫೋಟೋ ಅಚ್ಚು ಹಾಕಿಸಿದ ಅಂಗಿಗಳನ್ನು ತೊಟ್ಟು ಬಂದಿದ್ದರು. ಅವರು ಮಾತ್ರ ನಗಲಿಲ್ಲ. ಅವರಲ್ಲಿ ಹಿರಿಯಳಾದ ಓಪಲ್ ಕೀನ್ ಕೋಯ್‌ನನ್ನು ಸುಮ್ಮನೆ ನೋಡಿದಳು. ಅವನಿಗೆ ನಗುವೇ ವಾಸಿ ಅನ್ನಿಸಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎಂದಿನಂತೆ ಅಕ್ಕನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿದ. ಚಟ ಬಿಡಿಸುವ ಔಷಧ ಕೊಡುವ ಕ್ಲಿನಿಕ್ಕಿನ ಕಿಟಕಿ ಇದ್ದದ್ದು ಬೆಟ್ಟದಾಚೆಯ ಊರಿನಲ್ಲಿ. ದಿನಾ ಬೆಳಿಗ್ಗೆ ಹೋಗಬೇಕು, ನರ್ಸಿನ ಎದುರೇ ಆ ಕೆಂಪು ನೀರು ಕುಡಿದು, ನುಂಗಿದ್ದೇನೆಂದು ಬಾಯಿ ತೆರೆದು ತೋರಿಸಬೇಕು. ತಡವಾದರೆ ಕಿಟಕಿ ಮುಚ್ಚುತ್ತದೆ. ಒಂದು ದಿನ ತಪ್ಪಿದರೆ ಮೈ ನಡುಗುತ್ತದೆ. ಇನ್ನೂ ಕೆಲವು ದಿನ ತಪ್ಪಿದರೆ ಕಾಲು ತಾನಾಗಿ ಮಾಲು ಮಾರುವವರ ಹಳೆಯ ಬಾಗಿಲುಗಳ ಕಡೆ ನಡೆಯುತ್ತದೆ.

“ಏನಂದ್ರು?” ಡ್ರೀಮಾ ಕೇಳಿದಳು.

“ನಕ್ಕರು.”

“ನನ್ನ ಹೆಸರು ಹೇಳಿದ್ಯಾ?”

“ಇಲ್ಲ.”

“ಹೇಳಿದ್ರೆ ಹಲ್ಲು ಉದುರಿಸ್ತಿದ್ದೆ.” ಏರಿನಲ್ಲಿ ಟ್ರಕ್ಕಿನ ಗೇರು ಕರಕರ ಅಂದಿತು. “ಕೇಳಿಸ್ತೇನೋ? ನಮ್ಮಜ್ಜನ ಥರಾನೇ ಕೆಮ್ಮುತ್ತೆ ನಿನ್ನ ಗಾಡಿ.”

“ಅಜ್ಜನ ಥರಾನೇ ಸಾಯುತ್ತೆ. ಹೇಳ್ದೆ ಕೇಳ್ದೆ.”

ಅವಳು ನಕ್ಕಳು. ಅವನು ನಗಲಿಲ್ಲ. ಗೇರುಪೆಟ್ಟಿಗೆ ಚಳಿಗಾಲ ದಾಟುವುದಿಲ್ಲವೆಂದು ಮೆಕ್ಯಾನಿಕ್ ಹೇಳಿಯಾಗಿತ್ತು. ಹೊಸದಕ್ಕೆ ಕಾಸಿರಲಿಲ್ಲ. ಹಿಮ ಬಿದ್ದ ಮೇಲೆ ಈ ಬೆಟ್ಟವನ್ನು ಅಕ್ಕ ಹೇಗೆ ದಾಟುತ್ತಾಳೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಹೋಬರ್ಟ್‌ನ ಬಾಯಿಗೆ ಗುದ್ದಬೇಕೆಂಬುದೂ ಇತ್ತು, ಆದರೆ ಅದರಿಂದ ಬೆಟ್ಟ ತಗ್ಗುವುದಿಲ್ಲ.

ಅಂದು ಸಂಜೆ ಓಪಲ್ ಕೀನಳ ಮನೆಗೆ ಹೋದ. ಅಂಗಳದಲ್ಲಿ ಅವಳ ಕಾರು ನಿಂತಿತ್ತು. ಹಿಂದಿನ ಗಾಜಿನ ತುಂಬ ಬಿಳಿ ಅಕ್ಷರದಲ್ಲಿ ಅವಳ ಮಗ ಜ್ಯಾರೆಡ್‌ನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಎರಡು ಕಡೆ ದೇವದೂತನ ಎರಡು ರೆಕ್ಕೆ. ಆ ಸೀಮೆಯಲ್ಲಿ ರಸ್ತೆಗಿಳಿದರೆ ಇಂಥ ಗಾಜುಗಳ ಹಿಂದೆಯೇ ಹೋಗಬೇಕು. ಸತ್ತವರು ಎಲ್ಲ ಕಡೆ ಓಡಾಡುತ್ತಿರುತ್ತಾರೆ.

ಓಪಲ್ ಜಗಲಿಯ ಮೇಲೆ ಕೂತು, ಚಳಿಗಾಲಕ್ಕೆ ಒಣಗಿಸಲು ಬೀನ್ಸ್ ಕಾಯಿಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು.

“ನಿಂತ್ಕೊಂಡು ನನ್ನ ಬೆಳಕು ಮರೆ ಮಾಡ್ಬೇಡ. ಸೂಜಿ ತಗೋ, ಪೋಣಿಸು.”

ಅವನು ಕೂತು ಸೂಜಿ ಹಿಡಿದ.

“ನನ್ನ ಮಗನ ಕಲ್ಲು ಕಿತ್ತು ನಿನ್ನ ಗಾಡಿಗೆ ಚಕ್ರ ಮಾಡಿಸ್ಕೊಡು ಅಂತ ಕೇಳೋಕೆ ಬಂದ್ಯಾ?”

“ಕಲ್ಲು ಬೇಡ ಅನ್ನಲ್ಲ ಮಿಸ್ ಓಪಲ್. ಮೊದಲು ಗಾಡಿ ಅಂತೀನಿ.”

“ನಿನಗೇನಪ್ಪ, ಹೇಳ್ತೀಯ. ನಿನ್ನಕ್ಕ ಬದುಕಿದಾಳೆ. ನನ್ನ ಮಗನ ಜೊತೆ ಕೂತು ಚುಚ್ಕೊಂಡೋಳು, ಅವಳು ಬದುಕಿದಾಳೆ.”

“ಬದುಕಿದಾಳೆ ಅಂತಾನೇ ಕೇಳ್ತಿರೋದು.” ಮಾತು ಅವನೆಣಿಸಿದ್ದಕ್ಕಿಂತ ಒರಟಾಗಿ ಬಂತು. ಆಮೇಲೆ ಅದನ್ನು ತಡೆಯಲು ಆಗಲಿಲ್ಲ. “ಜ್ಯಾರೆಡ್ ಕೂಡ ಹೋಗ್ತಿದ್ದ, ಗೊತ್ತಾ? ಆ ಕಿಟಕಿಗೆ. ಅವನ ಕಾರಲ್ಲೇ ಇಬ್ಬರೂ ಹೋಗ್ತಿದ್ರು. ಬೇಸಿಗೆಯಿಂದ ಚಳಿಗಾಲದವರೆಗೂ ಒಂದು ದಿನ ತಪ್ಪಿಸ್ಲಿಲ್ಲ. ಹಿಮ ಬಿದ್ದಾಗ ಕಾರು ಕೆಟ್ಟು ನಿಂತ್ಕೊಳ್ತು. ನಾನು ಆಗ ಓಹಾಯೋದಲ್ಲಿ ಕೆಲಸದ ಮೇಲಿದ್ದೆ. ಡ್ರೀಮಾನ ನಮ್ಮಮ್ಮ ಕೋಣೇಲಿ ಕೂಡಿಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ್ಲು. ಜ್ಯಾರೆಡ್‌ಗೆ ಹಾಗೆ ಕೂರೋರು ಯಾರೂ ಇರಲಿಲ್ಲ.”

ಓಪಲಳ ಕೈಯಲ್ಲಿ ಸೂಜಿ ನಿಂತಿತು.

“ನನಗೆ ಹೇಳಿದ್ರೆ ನಾನೂ ಕೂರ್ತಿದ್ದೆ.”

“ಹೇಗೆ ಹೇಳ್ತಾನೆ? ಅದೂ ವಿಷಾನೇ, ಅದನ್ನ ಕುಡಿಯೋರು ದೇವರ ಕಣ್ಣಿಗೆ ಮಣ್ಣೆರಚ್ತಾರೆ ಅಂತ ನೀವೇ ಚರ್ಚಲ್ಲಿ ಎದ್ದು ನಿಂತು ಹೇಳಿದ್ರಲ್ಲ. ಹಿಂದಿನ ಬೆಂಚಲ್ಲಿ ಅವನು ಕೂತಿದ್ದ.”

ಅಂದ ಮೇಲೆ ಅವನಿಗೆ ತನ್ನ ನಾಲಗೆಯನ್ನೇ ಕಿತ್ತು ಎಸೆಯಬೇಕೆನಿಸಿತು. ಮುದುಕಿ ಅಳಲಿಲ್ಲ. ಪೋಣಿಸಿದ ದಾರವನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದೊಂದೇ ಕಾಯಿಯನ್ನು ಮುಟ್ಟುತ್ತ ಕೂತಳು. ಎದುರಿನ ಗುಡ್ಡದ ಮೇಲಿಂದ ಬಿಸಿಲು ಹೋಯಿತು.

“ಹಾಗಾದ್ರೆ ಅವನು ಬಿಡೋಕೆ ನೋಡ್ತಿದ್ದ,” ಅಂದಳು ಕೊನೆಗೆ.

“ಬಿಟ್ಟಿದ್ದ ಮಿಸ್ ಓಪಲ್.”

“ಬಿಟ್ಟಿದ್ದ.” ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ರುಚಿ ನೋಡಿದಂತೆ ಹೇಳಿದಳು. “ಡ್ರೀಮಾ ಈಗ್ಲೂ ಹೋಗ್ತಾಳಾ?”

ಅವನು ತಲೆಯಾಡಿಸಿದ. ಯಾರಿಗೂ ಹೇಳಬೇಡಿ ಎನ್ನಬೇಕಿತ್ತು. ಅಂಥ ಹೊತ್ತಿನಲ್ಲಿ ಅದನ್ನೂ ಬಾಯಿಬಿಟ್ಟು ಹೇಳಬೇಕೇ ಎಂದುಕೊಂಡು ಸುಮ್ಮನಾದ.

“ಬರಲಿ ನಿನ್ನ ಗಾಡಿ. ಉಳಿದ ತಾಯಂದಿರಿಗೆ ನಾನು ಹೇಳ್ತೀನಿ. ಆದ್ರೆ ಕಲ್ಲಿನ ಮೇಲೆ ಬರೋ ಹೆಸರು ಅದರ ಮೇಲೆ ಬರಬೇಕು. ನನ್ನ ಮಗನದೂ, ಎಲ್ಲ ಮಕ್ಕಳದೂ.”

“ಬರೆಸಿ ಮಿಸ್ ಓಪಲ್. ಏನು ಬೇಕಾದ್ರೂ ಬರೆಸಿ.”

ಅವನ ಕಣ್ಣಿಗೆ ಬಂದದ್ದು ಹಿಂದಿನ ಗಾಜಿನ ಮೂಲೆಯಲ್ಲೊಂದು ಸಣ್ಣ ಸಾಲು, ಅಷ್ಟೆ. ಗಾಡಿ ಸಿಗುತ್ತದೆ ಎಂಬ ಗುಂಗಿನಲ್ಲಿ ಬೇರೇನೂ ಹೊಳೆಯಲಿಲ್ಲ.

ಮುಂದಿನ ಸಭೆಯಲ್ಲಿ ಓಪಲ್ ಎದ್ದು ನಿಂತಳು. ಅವಳ ಹಿಂದೆ ಆ ಫೋಟೋ ಅಂಗಿಗಳೆಲ್ಲ ಎದ್ದು ನಿಂತವು. ತನ್ನ ಮಗ ಎಲ್ಲಿಗೆ ಹೋಗುತ್ತಿದ್ದ, ಯಾಕೆ ಹೋಗಲಾಗದೆ ಸತ್ತ ಎಂದು ಮೈಕು ಬೇಡದ ದನಿಯಲ್ಲಿ ಹೇಳಿದಳು. ಯಾರೂ ಮೂಗಿನೊಳಗೆ ನಗಲಿಲ್ಲ. ಹೋಬರ್ಟ್ ಲಿಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ತಾಯಂದಿರ ಮಾತೇ ನನ್ನ ಮಾತು,” ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದ. ಅದೇ ಬಾಯಿ! ಕೋಯ್ ಹಲ್ಲು ಕಚ್ಚಿಕೊಂಡು ಕೂತ. ಯಾವ ಬಾಯಿಯಿಂದ ಬಂದರೇನು, ಗಾಡಿ ಬಂದರೆ ಸಾಕು.

ಬೆಟ್ಟದ ಎಲೆಗಳು ಕೆಂಪಾಗುವ ಹೊತ್ತಿಗೆ ಗಾಡಿ ಬಂತು. ಒಂದು ಶನಿವಾರ ಕೋರ್ಟಿನ ಮುಂದೆ ಜನ ಸೇರಿದರು. ಹೈಸ್ಕೂಲಿನ ಮಕ್ಕಳು ವಾದ್ಯ ನುಡಿಸಿದರು, ಚರ್ಚಿನ ಹೆಂಗಸರು ಮೇಜು ಹಾಕಿ ಹಾಟ್‌ಡಾಗ್ ಹಂಚಿದರು. ಹಂಚುವವರಲ್ಲಿ ವೃದ್ಧಾಶ್ರಮದ ಅಡುಗೆಮನೆಯ ಯಜಮಾನಿಯೂ ಇದ್ದಳು. ಡ್ರೀಮಾ ಇಳಿದು ಬರಲಿಲ್ಲ. ರಸ್ತೆಯಾಚೆ, ಬ್ಯಾಂಕಿನ ಪಕ್ಕ ನಿಲ್ಲಿಸಿದ ಟ್ರಕ್ಕಿನಲ್ಲೇ ಕೂತಿದ್ದಳು.

ಹೋಬರ್ಟ್ ಹಗ್ಗ ಎಳೆದ. ಹೊದಿಕೆ ಜಾರಿತು.

ಟೆಲಿಫೋನ್ ರಿಪೇರಿಯವರ ಗಾಡಿಯಂಥ, ಯಾರೂ ತಿರುಗಿ ನೋಡದ ಒಂದು ಬಿಳಿ ವ್ಯಾನನ್ನು ಕೋಯ್ ಇಷ್ಟು ದಿನ ಮನಸ್ಸಿನಲ್ಲಿ ಓಡಿಸಿಕೊಂಡಿದ್ದ. ಇಲ್ಲಿ ನಿಂತದ್ದು ಬೇರೆ. ಈ ತುದಿಯಿಂದ ಆ ತುದಿಗೆ ಹೆಸರುಗಳು, ವರ್ಷಗಳು, ರೆಕ್ಕೆಗಳು. ನಗುವ ಮುಖಗಳು. ಎಲ್ಲದರ ಮೇಲೆ ಅಂಗೈಯಗಲದ ನೀಲಿ ಅಕ್ಷರಗಳಲ್ಲಿ: ಮಾದಕ ಚಟಕ್ಕೆ ಬಲಿಯಾದ ನಮ್ಮ ಮಕ್ಕಳ ನೆನಪಿಗೆ. ಜನ ಹತ್ತುವ ಬಾಗಿಲಿನ ಮೇಲೆ ಆಳೆತ್ತರದ ಜ್ಯಾರೆಡ್. ಒಳಗೆ ಹೋಗಬೇಕಾದರೆ ಅವನ ಎದೆಯ ಮೇಲಿದ್ದ ಹಿಡಿಯನ್ನು ಹಿಡಿದು ಅವನನ್ನು ಪಕ್ಕಕ್ಕೆ ತಳ್ಳಬೇಕು.

ಇದು ದಿನಾ ಬೆಳಿಗ್ಗೆ ಕೋರ್ಟಿನ ಮುಂದೆ ಬಂದು ನಿಲ್ಲುತ್ತದೆ. ಊರಿನ ಪ್ರತಿ ಕಾರಿನ ಸದ್ದನ್ನೂ ಗುರುತು ಹಿಡಿಯುವ ಊರಿದು. ಎಲ್ಲರ ಕಣ್ಣೆದುರು ಇದನ್ನು ಹತ್ತುವವರು ಯಾರು?

ಅವನು ರಸ್ತೆಯಾಚೆ ಒಮ್ಮೆ ನೋಡಿದ. ಟ್ರಕ್ಕಿನ ಗಾಜಿನಲ್ಲಿ ಡ್ರೀಮಾಳ ತಲೆ ಮೆಲ್ಲಗೆ ಕೆಳಕ್ಕೆ ಇಳಿದು ಕಾಣದಾಯಿತು.

ತಾಯಂದಿರು ವ್ಯಾನಿನ ಸುತ್ತ ನಿಂತು ತಮ್ಮ ತಮ್ಮ ಮಕ್ಕಳ ಹೆಸರುಗಳನ್ನು ಬೆರಳಿನಿಂದ ಸವರುತ್ತಿದ್ದರು. ಓಪಲ್ ಜ್ಯಾರೆಡ್‌ನ ಕೆನ್ನೆಯ ಮೇಲೆ ಬಿದ್ದಿದ್ದ ಧೂಳನ್ನು ತೋಳಿನಿಂದ ಒರೆಸಿದಳು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ಮಗ ಸತ್ತ ಮೇಲೆ ಕೋಯ್ ನೋಡಿರಲಿಲ್ಲ. ಹೋಬರ್ಟ್ ಅವಳ ಕೈಗೆ ಮೈಕು ಕೊಟ್ಟ.

“ಕೋಯ್! ಬಾ ಮಗಾ, ಇಲ್ಲಿ ಬಾ. ಚೆನ್ನಾಗಿ ಬಂದಿದಾನೆ ಅಲ್ವೇನೋ ನನ್ನ ಹುಡುಗ?” ದನಿ ಕೋರ್ಟಿನ ಗೋಡೆಗೆ ಬಡಿದು ವಾಪಸು ಬಂತು. “ಡ್ರೀಮಾ ಎಲ್ಲಿ? ಕರಿ ಅವಳನ್ನ. ಮೊದಲು ಅವಳೇ ಹತ್ಲಿ. ನಾನೇ ಬಾಗಿಲು ತೆಗೀತೀನಿ.”

ಹಾಟ್‌ಡಾಗ್ ಮೇಜಿನ ಹಿಂದೆ ವೃದ್ಧಾಶ್ರಮದ ಯಜಮಾನಿ ತಲೆ ಎತ್ತಿದಳು. ಪೇಪರಿನವನು ಕ್ಯಾಮೆರಾ ಎತ್ತಿದ. ಜನರೆಲ್ಲ ಅವಳಿಗಾಗಿ ಕತ್ತು ತಿರುಗಿಸಿ ಹುಡುಕತೊಡಗಿದರು.

“ಎಲ್ಲೋ ಅವಳು?” ಓಪಲ್ ಮತ್ತೆ ಕೇಳಿದಳು.

ಕೋಯ್ ಟೋಪಿ ಹಾಕಿಕೊಂಡ. ಟ್ರಕ್ಕಿಗೆ ಬೆನ್ನು ಹಾಕಿ, ಜನರ ನಡುವೆಯೇ ದಾರಿ ಮಾಡಿಕೊಂಡು, ಆಚೆ ಕಡೆಗೆ, ಹೊಳೆಯ ಸೇತುವೆಯ ಕಡೆಗೆ ನಡೆದ. ಅಕ್ಕನನ್ನು ಕರೆಯಲು ಹೊರಟನೆಂದುಕೊಂಡ ಎಲ್ಲರ ಕಣ್ಣುಗಳೂ ಅವನ ಹಿಂದೆಯೇ ಬಂದವು. ಬರಲಿ ಎಂದುಕೊಂಡು ಅವನು ನಡೆದೇ ನಡೆದ.